ಮಾವನ ಹೊಳೆ, ಮಗಳ ಸಿನಿಮಾ

ನಮ್ಮ ಸೋದರಮಾವನವರು ಕನಸು ಕಾಣುವುದೆಲ್ಲ ಎಚ್ಚರವಾಗಿರುವಾಗಲೇ. ರಾತ್ರಿ ಮಲಗುವುದು ಕೇವಲ ಲೋಕಮರ್ಯಾದೆಗೆ!

ಒಮ್ಮೆ ಕೋಲಾರದ ಮಂಡಿಗೆ ಟೊಮೆಟೊ ಒಯ್ದಿದ್ದರು. ಹರಾಜು ಕೂಗುವವನ ರಾಗ ಅವರಿಗೆ ಭೈರವಿಯಂತೆ ಕೇಳಿಸಿತೋ ಏನೋ, ಕಣ್ಣು ಮುಚ್ಚಿ ತಲೆದೂಗಿದರು. ಹರಾಜಿನಲ್ಲಿ ತಲೆದೂಗಿದರೆ ಆ ಬೆಲೆಗೆ ಕೊಳ್ಳಲು ಒಪ್ಪಿದಂತೆ. ಸಂಜೆ ತಮ್ಮ ಟೊಮೆಟೊವನ್ನು ತಾವೇ ಕೊಂಡು ಮನೆಗೆ ತಂದರು.

"ಅದ್ಯಾಕ್ ಮಾವ, ವಾಪಸ್ ತಂದ್ರಿ?" ಎಂದೆ.

"ಮಾಲು ಚೆನ್ನಾಗಿತ್ತು ಕಣೋ" ಎಂದರು. ಇಂಥವರಿಗೆ ಏನು ಹೇಳುತ್ತೀರಿ?

ಈ ಮಹನೀಯರನ್ನೇ ನಂಬಿಕೊಂಡು ನನ್ನ ಮಗಳು ಕಾಲೇಜಿಗಾಗಿ ಸಾಕ್ಷ್ಯಚಿತ್ರ ತೆಗೆಯಲು ಹೊರಟಳು. ಮಾವನ ಊರು ಮಾಲೂರಿನ ಕಡೆ. ಊರಿನ ಮೇಲ್ಗಡೆ ದೊಡ್ಡದೊಂದು ಕೋಳಿಫಾರಂ. ಬಿಸಿಲನ್ನೇ ಕಾಣದ ಕೋಳಿಗಳು ಪಂಜರಗಳಲ್ಲಿ ಒತ್ತೊತ್ತಾಗಿ ನಿಂತು ಮೊಟ್ಟೆ ಇಡುತ್ತವೆ. ಅಲ್ಲಿ ತೊಳೆದ ನೀರೆಲ್ಲ ಹೊಳೆಗೆ. ಫಾರಂನವರು ಕ್ಯಾಮೆರಾ ಒಳಗೆ ಬಿಡಲಿಲ್ಲ. ಊರವರು ಬಾಯಿ ಬಿಡಲಿಲ್ಲ; ಎಲ್ಲರ ಟೊಮೆಟೊ ತೋಟಕ್ಕೂ ಅಲ್ಲಿಯದೇ ಕೋಳಿಗೊಬ್ಬರ. ಉಳಿದದ್ದು ಮಾವನ ತೋಟದ ಅಂಚಿನ ಹೊಳೆ. ಅದರ ನೊರೆ, ಪುಕ್ಕ, ಸತ್ತ ಮೀನು ಚಿತ್ರದಲ್ಲಿ ಬರದಿದ್ದರೆ ಚಿತ್ರವೇ ಇಲ್ಲ. ಸೋಮವಾರ ಒಪ್ಪಿಸಬೇಕು.

"ಬಾಮ್ಮ, ನಾನ್ ಎಲ್ಲಾ ನೋಡ್ಕೋತೀನಿ" ಎಂದು ಮಾವ ಫೋನಿನಲ್ಲಿ ಅಭಯವಿತ್ತರು.

ಭಾನುವಾರ ಬೆಳಗ್ಗೆ ಹೋದೆವು. ಮಂಜು ಹೊಲದ ಮೇಲೆ ಇನ್ನೂ ಮಲಗಿತ್ತು. ಹಿಪ್ಪುನೇರಳೆ ಗಿಡಗಳು ತೇಲುತ್ತಿರುವಂತಿದ್ದವು. ಹೊಳೆಯನ್ನು ನೋಡಿ ಮಗಳು ಕುಸಿದು ಕೂತಳು. ನೊರೆಯಿಲ್ಲ, ಒಂದು ಮೀನಿನ ಹೆಣವೂ ಇಲ್ಲ. ದಡವನ್ನು ಗುಡಿಸಿ, ಸಾರಿಸಿ, ರಂಗೋಲಿ ಬಿಡಿಸಿದ್ದರು! ಮಾವ ಪಂಚೆ ಎತ್ತಿ ಕಟ್ಟಿ, ಹಳೆಯ ಸೊಳ್ಳೆಪರದೆಯಲ್ಲಿ ಕೊನೆಯ ಪುಕ್ಕಗಳನ್ನು ಹಿಡಿಯುತ್ತಿದ್ದರು.

"ತಾತ, ಏನ್ ಮಾಡ್ಬಿಟ್ರಿ? ನಂಗೆ ಗಲೀಜೇ ಬೇಕಿತ್ತು."

"ನೆಂಟರು ಬರೋ ದಿನ ಗುಡಿಸ್ದೆ ಬಿಡ್ತಾರೇನಮ್ಮ?"

"ಹೊಳೆ ಹಾಳಾಗಿದೆ ಅಂತ ತೋರಿಸ್ಬೇಕು ತಾತ."

"ತೋರ್ಸು, ಬೇಡ ಅಂದ್ನಾ? ಮೊದ್ಲು ರೊಟ್ಟಿ ತಿನ್ನು."

ಲೋಕದಲ್ಲಿ ಸಾಕ್ಷ್ಯ ನಾಶ ಮಾಡಿದವರು ಬೇಕಾದಷ್ಟು ಜನ. ನಾಶ ಮಾಡಿ ರಂಗೋಲಿ ಹಾಕಿದವರು ಇವರೊಬ್ಬರೇ.

ಹೊತ್ತೇರಿದಾಗ ಫಾರಂನವರು ಮತ್ತೆ ನೀರು ಬಿಟ್ಟರು. ಮೊದಲು ವಾಸನೆ ಬಂತು. ಮಾವ ತೆಲುಗಿನಲ್ಲಿ ಏನೋ ಗೊಣಗಿದರು. ಬೈಗುಳಕ್ಕೆ ಅವರು ಕನ್ನಡ ಮುಟ್ಟುವುದಿಲ್ಲ. ಆಮೇಲೆ ನೊರೆ ಬಂತು, ಬಿಳಿಯ ಪುಕ್ಕಗಳನ್ನು ಹೊತ್ತು, ದಾರಿ ತಪ್ಪಿದ ಮೋಡದ ಹಾಗೆ ನಿಧಾನವಾಗಿ. ಮಗಳು ಚಂಗನೆ ಎದ್ದು ಕ್ಯಾಮೆರಾ ಹಿಡಿದಳು. ಮಾವ ಆಗಲೇ ಮೊಣಕಾಲುದ್ದ ನೀರಿನಲ್ಲಿ ಬಾಗಿ ನೊರೆ ಸರಿಸುತ್ತಿದ್ದರು.

"ಪಕ್ಕಕ್ ಬನ್ನಿ ತಾತ, ನಂಗ್ ಇದೇ ಬೇಕಾಗಿರೋದು."

ಅವರು ತಲೆ ಎತ್ತಲಿಲ್ಲ. "ನಿಮ್ಮಜ್ಜಿ ಆಸ್ಪತ್ರೇಲಿದ್ದಾಗ, ಯಾರಾದ್ರೂ ನೋಡೋಕ್ ಬಂದ್ರೆ ಮೊದ್ಲು ತಲೆ ಬಾಚಿ ಕೂರಿಸ್ತಿದ್ದೆ ಕಣಮ್ಮ. ಕಾಯ್ಲೆ ಮುಚ್ಚಿಡೋಕಲ್ಲ. ಒಂದ್ ನಿಮಿಷ ತಡಿ."

ಅವರ ಅಕ್ಕ; ನನ್ನ ಅಮ್ಮ.

ಮಗಳು ಕ್ಯಾಮೆರಾ ಕೆಳಗಿಳಿಸಿದಳು. ಅವಳಿಗೆ ಬೇಕಾದ ನೊರೆ ಕಣ್ಣೆದುರೇ ಹರಿದುಹೋಗುತ್ತಿತ್ತು. ಅವಳು ಕಾದಳು.