ಹುಟ್ಟಲೊಲ್ಲದ ಕ್ಲಾಸು

ಶಹಾಬಾದಿನ ತಾರೀಕ ಮಾಡಿದ್ದ 'ರಿಶ್ತಾ' ಆ್ಯಪು ಒತ್ತಿದ ಕೂಡಲೇ ತೆರೆಯುತ್ತಿತ್ತು. ಮರುಗಳಿಗೆಯಲ್ಲೇ ಮನೆತುಂಬ ನೆಂಟರನ್ನು ಕಂಡ ಬೆಕ್ಕಿನಂತೆ ಮಾಯವಾಗುತ್ತಿತ್ತು.

ಯಾರಿಗೆ ಯಾರು ಏನಾಗಬೇಕೆಂದು ತೋರಿಸುವ ಆ್ಯಪು ಅದು. ಅದನ್ನು ನೋಡಲು ಸಂಜೆ ನಾಲ್ಕಕ್ಕೆ ಸೇಡಮಿನಿಂದ ಶೌಕತ ಅಲಿ ಬರುವವರಿದ್ದರು. "ಆ್ಯಪು ನಡೀಲಿ, ಆಮ್ಯಾಲ ನನ್ನ ಮಗಳ ಲಗ್ನದ ಮಾತು" ಎಂದಿದ್ದರು. ಮಗಳು ಅಲ್ಮಾಸಳ ಫೋಟೋ ನೋಡಿದಂದಿನಿಂದ ತಾರೀಕನಿಗೆ ಊಟ ಸೇರಿರಲಿಲ್ಲ.

"ಏನಾಗ್ಯಾದ ಬೇಟಾ?" ತಾಯಿ ಅಮೀರ್ಬೀ ಕೇಳಿದಳು.

"ಕೋಡಿನ ತಲಿಮ್ಯಾಗ 'ಡಾವೊ' ಅಂತ ಚೀಟಿ ಹಚ್ಚೀನಿ ಅಮ್ಮಿ. ಅದನ್ನ ನೋಡಿ, ಹೆಸರು ಹುಡುಕಿ ಕೊಡೋ ಕೋಡಿನ ತುಂಡು, ಅಂದ್ರ ಕ್ಲಾಸು, ಕಂಪ್ಯೂಟರೇ ಬರೀಬೇಕು. ಅಂಥ ಕ್ಲಾಸೇ ಇಲ್ಲ ಅನ್ಲಿಕತ್ತದ."

"ನೀ ಬರಿಯೋದು ಅದಕ್ಯಾಕ ಹಚ್ಚಿದಿ? ಮೊದ್ಲಿಂದ ಮೈಗಳ್ಳ."

ತಾರೀಕನ ಜೊತೆ ಕಂಪ್ಯೂಟರ್ ಕಲಿಸುವ ಗೆಳೆಯ ದೇವಾನಂದ ಓಡಿಬಂದ. "ಎಲ್ಲಾ ಅಳಿಸಿ ಮತ್ತ ಬಿಲ್ಡ್ ಮಾಡು" ಎಂದ. ಏಳು ಸಲ ಮಾಡಿದರು. "ತಂಟೆ ಆ ಚೀಟಿದೇ ಅದ" ಎಂದು ಅದನ್ನೇ ಕಿತ್ತ. ಒಂದಿದ್ದ ತಪ್ಪು ಅರವತ್ತೆರಡಾಗಿ, ಬೆಲ್ಲದ ಮೇಲಿನ ನೊಣಗಳಂತೆ ಪರದೆಯ ತುಂಬ ಕೂತಿತು.

"ಉಪಕಾರ ಸಾಕು ಮಾರಾಯಾ, ಚಹಾ ಕುಡಿ," ಎಂದು ತಾರೀಕ ಚೀಟಿ ಮತ್ತೆ ಹಚ್ಚಿದ.

ಮೂರೂವರೆಗೆ ಗುಟ್ಟು ಸಿಕ್ಕಿತು. ಕೋಡು ಕೋಟ್ಲಿನ್ ಭಾಷೆಯಲ್ಲಿತ್ತು, ಚೀಟಿ ಓದಲು ಅವನಿಟ್ಟದ್ದು ಜಾವಾ ಮಾತ್ರ ಬಲ್ಲ ಯಂತ್ರವನ್ನು. ತೆಲುಗಷ್ಟೇ ಬರುವ ಪೋಸ್ಟ್‌ಮನ್ ಕೈಗೆ ಉರ್ದು ಪತ್ರ ಕೊಟ್ಟಂತೆ. ಒಂದು ಸಾಲು ಬದಲಿಸಿದ. ಕ್ಲಾಸು ಹುಟ್ಟಿತು, ಆ್ಯಪು ಮಾಯವಾಗದೆ ನಿಂತಿತು.

ನಾಲ್ಕಕ್ಕೆ ಬಂದ ಶೌಕತ ಅಲಿ ಚಹಾದ ಬಟ್ಟಲು ಹಿಡಿದು, "ನಿಮ್ಮ ಅಮ್ಮಿ ಹೆಸರು ಹಾಕು, ನೋಡಮು" ಎಂದರು. ವಿವರಗಳನ್ನೆಲ್ಲ ಅಮ್ಮಿ ಹೇಳಿದ್ದಳು, ತಂಗಿ ನಾಹಿದ ಟೈಪ್ ಮಾಡಿದ್ದಳು, ತಾರೀಕ ಓದಿರಲಿಲ್ಲ. ಈಗ ಗಟ್ಟಿಯಾಗಿ ಓದಿದ: "ಗಂಡ ಗುಲಾಮ್ ರಸೂಲ್. ಮಕ್ಕಳು ತಾರೀಕ, ನಾಹಿದ. ಹಾಲಿನ ಮಗಳು: ವಾಡಿ ದವಾಖಾನಿಯ ಬಾಜೂ ಪಲ್ಲಂಗದ ಕೂಸು."

ಬಟ್ಟಲು ಬಾಯಿಯ ಹತ್ತಿರವೇ ನಿಂತಿತು. "ಇದು ಯಾವಾಗಿಂದು ಭಾಭಿ?"

"ನಾಹಿದ ಹುಟ್ಟಿದಾಗಿಂದು. ಆ ಕೂಸಿನ ತಾಯಿಗಿ ಜ್ವರ ಬಂದು ಎಚ್ಚರ ಇರಲಿಲ್ರಿ. ಎಂಟು ದಿನ ನಾನೇ ಎದಿಹಾಲು ಕುಡಿಸೀನಿ. ಕೂಸಿಗಿ ಮುನ್ನಿ ಅಂತಿದ್ವಿ."

"ಆ ಜ್ವರದಾಕಿ ನನ್ನ ಹೆಂಡತಿ. ಇಪ್ಪತ್ತೆರಡು ವರ್ಷದಿಂದ ನಿಮ್ಮನ್ನೇ ಹುಡುಕಾಕತ್ತೀವಿ." ಶೌಕತ ಅಲಿ ಬಟ್ಟಲು ಕೆಳಗಿಟ್ಟರು. "ಆ ಮುನ್ನಿನೇ ಅಲ್ಮಾಸ."

ಅಮೀರ್ಬೀ ಸೆರಗಿನಿಂದ ಕಣ್ಣೊರೆಸಿಕೊಂಡಳು. ತಾರೀಕ ಮಾತ್ರ ಪರದೆಯ ಮೇಲಿನ ಆ ಸಾಲನ್ನು ಮತ್ತೊಮ್ಮೆ ಓದಿದ. ಒಂದೇ ತಾಯಿಯ ಹಾಲು ಕುಡಿದವರು ಅಣ್ಣತಂಗಿ, ಅವರ ನಡುವೆ ನಿಕಾಹ್ ಇಲ್ಲ.

ಶೌಕತ ಅಲಿ ಅವನ ಬೆನ್ನು ತಟ್ಟಿದರು. "ಭಾಳ ಚಲೋ ಆ್ಯಪು ಮಾಡೀಯಪ್ಪಾ. ಇನ್ನ ಅಲ್ಮಾಸಗ ಗಂಡು ಹುಡುಕೋದು ನಿನ್ನ ಜಿಮ್ಮೆ. ಅಣ್ಣ ಅಲ್ಲೇನು ನೀ?"