ಫೋರ್ಕ್ ಆಯಿಲಿಗೆ ಕೊಸರು ಹಾಕಬಾರದೆಂದು ಹೇಳದೇ ಬಿಟ್ಟ ಶಾಸ್ತ್ರಿಗಳಿಗೆ

ಮಾನ್ಯರೇ,

'ಹಳೇ ಗಾಡಿ ಗೆಳೆಯರು' ವಾಟ್ಸಾಪ್ ಗುಂಪಿನ ಅಡ್ಮಿನ್ನರೂ, ನಾಲ್ಕುನೂರ ಹನ್ನೆರಡು ಮೆಸೇಜುಗಳ ಫೋರ್ಕ್ ಆಯಿಲ್ ಥ್ರೆಡ್ಡಿನ ಕರ್ತೃಗಳೂ, ನಿಜವಾದ ಹೆಸರು ಯಾರಿಗೂ ಗೊತ್ತಿಲ್ಲದೆ 'ಸ್ಪ್ಯಾನರ್ ಶಾಸ್ತ್ರಿ' ಎಂದೇ ಪ್ರಸಿದ್ಧರೂ ಆದ ತಮಗೆ ಚಾಮರಾಜಪೇಟೆಯ ಕೇದಾರನ ಸಾಷ್ಟಾಂಗ ನಮಸ್ಕಾರಗಳು. ಸಾಷ್ಟಾಂಗ ಎಂಬುದನ್ನು ಬರೀ ಮರ್ಯಾದೆಯ ಮಾತೆಂದು ತಾವು ತಿಳಿಯಬಾರದು. ಗಾಡಿಯ ಕೆಳಗೆ ಹರಿದ ಎಣ್ಣೆ ಒರೆಸಲು ನಾನು ಹೇಗೂ ಬೋರಲು ಮಲಗಿದ್ದೇನೆ.

ತಮ್ಮ ಥ್ರೆಡ್ಡನ್ನು ನಾನು ಹಲ್ಲುಜ್ಜುವಾಗ ಒಮ್ಮೆ, ಬಿಕಾಂ ಎರಡನೇ ವರ್ಷದ ಕಾಸ್ಟಿಂಗ್ ಕ್ಲಾಸಿನಲ್ಲಿ ಎರಡು ಸಲ, ಅಕ್ಕನ ನಿಶ್ಚಿತಾರ್ಥದ ಊಟದ ಪಂಕ್ತಿಯಲ್ಲಿ ಎಲೆ ಬಾಡುವವರೆಗೂ ಓದಿದ್ದೇನೆ. 'ಮೆಕ್ಯಾನಿಕ್ ಹತ್ರ ಹೋಗೋನು ರೈಡರ್ ಅಲ್ಲ ಗುರು, ಬರೀ ಕಸ್ಟಮರು' ಎಂಬ ತಮ್ಮ ವಾಕ್ಯವನ್ನು ಸ್ಟೇಟಸ್ಸಿಗೆ ಹಾಕಿಕೊಂಡು, ಆ ಕಾರಣಕ್ಕೇ ಶ್ರೀರಾಂಪುರದ ಮೆಕ್ಯಾನಿಕ್ ಪುಟ್ಟಯ್ಯನವರು ನನ್ನ ಫೋನು ಎತ್ತದಂತೆ ಮಾಡಿಕೊಂಡಿದ್ದೇನೆ. ಇಷ್ಟು ಹೇಳಿದ್ದು ಜಂಬಕ್ಕಲ್ಲ, ದೂರುದಾರನ ಅರ್ಹತೆ ತಮಗೆ ತಿಳಿದಿರಲಿ ಎಂದು.

ವಿಷಯ ಇಷ್ಟೆ. ನಮ್ಮ ತಾತ ರೇವಣಸಿದ್ದಯ್ಯನವರು ಅಕ್ಕಿಪೇಟೆಯಲ್ಲಿ ನಲವತ್ತು ವರ್ಷ ಅಕ್ಕಿ ಅಂಗಡಿ ನಡೆಸಿದವರು, ಆ ನಲವತ್ತರಲ್ಲಿ ಕೊನೆಯ ಇಪ್ಪತ್ತು ವರ್ಷ ಒಂದೇ ಬೈಕಿನಲ್ಲಿ ಅಂಗಡಿಗೆ ಹೋಗಿಬಂದವರು. ಅವರೀಗ ಗಾಡಿ ಓಡಿಸುವುದಿಲ್ಲ. ನಾನು ಓಡಿಸಿದರೆ ಪ್ರತಿ ಹಂಪಿನಲ್ಲೂ ಮುಂಭಾಗ ಕುಸಿದು 'ಧಡ್' ಎನ್ನುತ್ತದೆ. ಓಕಳಿಪುರಂನ ವರದರಾಜ ಎಂಬುವವರು ಭಾನುವಾರ ಹನ್ನೊಂದಕ್ಕೆ ಬಂದು ಗಾಡಿ ಕೊಳ್ಳುವುದಾಗಿ ಹೇಳಿಕಳಿಸಿದಾಗ, ತಾತ ನನ್ನನ್ನು ಕರೆದು ಕೊಟ್ಟ ತೀರ್ಪು ಹೀಗಿತ್ತು: "ನೋಡೋ, ಅಷ್ಟ್ರೊಳಗೆ ಆ ಧಡ್ ಅನ್ನೋದು ನಿಂತ್ರೆ ಗಾಡಿ ನಿಂದು. ನಿಲ್ಲಲಿಲ್ವಾ, ವರದರಾಜಂದು. ಅಳೋಹಾಗಿಲ್ಲ."

ಮುಂದಿನ ಚಕ್ರವನ್ನು ಹಿಡಿದಿರುವ ಎರಡು ಕೊಳವೆಗಳೊಳಗಿನ ಎಣ್ಣೆ ಹಳತಾದರೆ ಹೀಗಾಗುತ್ತದೆಂದೂ, ಹಳೆಯದನ್ನು ಕೆಳಗಿನಿಂದ ಇಳಿಸಿ ಹೊಸದನ್ನು ಮೇಲಿನಿಂದ ಹುಯ್ಯುವುದು 'ಎರಡು ಇಡ್ಲಿ ತಿನ್ನೋ ಟೈಮಿನ ಕೆಲಸ' ಎಂದೂ, ಒಂದೊಂದು ಕಡೆಗೆ ನೂರಎಪ್ಪತ್ತೈದು ಎಮ್ಮೆಲ್ ಎಂದೂ ತಾವು ಬರೆದಿದ್ದಿರಿ. ತಾವು ತಿನ್ನುವ ಇಡ್ಲಿಯ ಗಾತ್ರ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಇಂಜಿನ್ನಿನ ಕೆಳಗೆ ಸೈಜುಗಲ್ಲು ಕೊಟ್ಟು ಶುರುಮಾಡಿದ್ದು, ಹಳೆ ಎಣ್ಣೆ ಇಳಿಯುವಾಗ ಒಂಬತ್ತೂವರೆ. ಅದು ಗಸಗಸೆ ಪಾಯಸಕ್ಕೆ ಮಸಿ ಕಲಸಿದ ಬಣ್ಣದಲ್ಲಿತ್ತು, ವಾಸನೆಗೆ ಪಕ್ಕದ ಮನೆಯವರು ಕಿಟಕಿ ಹಾಕಿಕೊಂಡರು. ಆದರೂ ತಾವು ಹೇಳಿದಂತೆ ಸಿರಿಂಜಿನಲ್ಲಿ ಎಳೆದೆಳೆದು ಎರಡೂ ಕಡೆಗೆ ಗೆರೆ ಮೀರದ ನೂರಎಪ್ಪತ್ತೈದನ್ನು ಹಾಕಿದೆ. ಇಲ್ಲಿಗೆ ನಿಲ್ಲಿಸಿದ್ದರೆ ಈ ಪತ್ರ ಮೆಚ್ಚುಗೆಯ ಪತ್ರವಾಗುತ್ತಿತ್ತು.

ತಾತ ಬೆಳಗ್ಗಿನಿಂದ ಕುರ್ಚಿ ಹಾಕಿಕೊಂಡು ನೋಡುತ್ತಿದ್ದವರು ಎದ್ದು ಬಂದು, "ಇದೇನೋ ಇದು, ಕಣ್ಣಿಗೆ ಔಷಧಿ ಬಿಟ್ಟಂಗೆ ಅಳೀತಿದೀಯ? ಕೊಸರು ಎಲ್ಲೋ?" ಎಂದರು.

ತಮಗೆ ಅಂಗಡಿಯ ಅನುಭವ ಇಲ್ಲದಿರಬಹುದಾದ್ದರಿಂದ ಅರಿಕೆ ಮಾಡಿಕೊಳ್ಳುತ್ತೇನೆ: ಅಳೆದು ಕೊಟ್ಟ ಮೇಲೆ, ಕೇಳದಿದ್ದರೂ, ಮೇಲೊಂದು ಹಿಡಿ ಹಾಕುವುದು ಕೊಸರು. ತಾತ ಅದಿಲ್ಲದೆ ಜೀವನದಲ್ಲಿ ಯಾರಿಗೂ ಏನನ್ನೂ ಅಳೆದವರಲ್ಲ. ಶಾಸ್ತ್ರಿಗಳು ಹೇಳಿದ್ದು ಇಷ್ಟೇ ಎಂದು ನಾನು ಫೋನು ತೋರಿಸಿದೆ. "ಅವ್ರು ಅಳತೆ ಹೇಳಿದಾರೆ ಕಣೋ. ಕೊಸರು ಯಾರಾದ್ರೂ ಹೇಳ್ತಾರಾ? ಅದು ಕೊಡೋನಿಗೆ ಗೊತ್ತಿರ್ಬೇಕು" ಎಂದರು. ಈ ವಾದಕ್ಕೆ ನಾಲ್ಕುನೂರ ಹನ್ನೆರಡು ಮೆಸೇಜಿನಲ್ಲಿ ಉತ್ತರ ಸಿಗಲಿಲ್ಲ. ಆದ್ದರಿಂದ ಗುಂಪಿನಲ್ಲೇ ಕೇಳಿದೆ: 'ಶಾಸ್ತ್ರಿಗಳೇ, ತಾತ ಸ್ವಲ್ಪ ಜಾಸ್ತಿ ಹಾಕು ಅಂತಿದಾರೆ, ಹಾಕ್ಲಾ?' ಅರ್ಧ ನಿಮಿಷದಲ್ಲಿ ತಮ್ಮ ಹೆಬ್ಬೆರಳು ಬಂತು. ಅದು ನನ್ನದಕ್ಕಿಂತ ಮೇಲಿನ ಮೆಸೇಜಿನಲ್ಲಿ ಯಶೋಧರಾ ಮೇಡಂ ಕೇಳಿದ್ದ 'ಗ್ರೂಪ್ ಟೀಶರ್ಟು ನೀಲಿ ಇರಲಾ?' ಎಂಬುದಕ್ಕೆ ಬಂದ ಹೆಬ್ಬೆರಳೆಂದು ಈಗ ತಿಳಿದಿದೆ. ನೀಲಿ ಚೆನ್ನಾಗಿದೆ.

ತಾತ ಅಡುಗೆಮನೆಯ ಎಣ್ಣೆ ಮಿಳ್ಳೆ ತರಿಸಿ, ಅದಕ್ಕೆ ಫೋರ್ಕ್ ಆಯಿಲ್ ತುಂಬಿ, ಎಡಗಡೆಗೆ ಒಂದು ಮಿಳ್ಳೆ ಹುಯ್ದರು. ಅಜ್ಜಿ ದಾಕ್ಷಾಯಣಮ್ಮನವರು ಬಾಗಿಲಲ್ಲೇ ನಿಂತು, "ಒಂದಕ್ಕೆ ಕೊಟ್ಟು ಇನ್ನೊಂದಕ್ಕೆ ಬಿಟ್ರೆ ಹೆಂಗ್ರೀ, ಎರಡೂ ಒಂದೇ ಗಾಡೀವಲ್ವಾ" ಎಂದರು. ಬಲಗಡೆಗೂ ಆಯಿತು. ಆಮೇಲೆ ತಾತನಿಗೆ ಎಡಗಡೆಗೆ ಕೊಟ್ಟಿದ್ದು ನೆನಪಾಗಲಿಲ್ಲ. "ಅನುಮಾನ ಬಂದ್ರೆ ಕೊಟ್ಬಿಡೋದೇ ವಾಸಿ" ಎಂದು ಮತ್ತೊಮ್ಮೆ ಕೊಟ್ಟರು. ಅಜ್ಜಿಯ ನ್ಯಾಯದಂತೆ ಬಲಗಡೆಗೂ ಮತ್ತೊಮ್ಮೆ ಸಂದಿತು. ಕೊಳವೆಯೊಳಗೆ ಎಣ್ಣೆಯ ಮೇಲೆ ಒಂದಿಷ್ಟು ಗಾಳಿಗೆ ಜಾಗವಿರಬೇಕಂತೆ, ಚಕ್ರ ಮೇಲೆದ್ದಾಗ ಆ ಗಾಳಿ ಕುಗ್ಗಿ ದಾರಿ ಬಿಡಬೇಕಂತೆ. ಆ ಜಾಗದಲ್ಲಿ ಈಗ ನಮ್ಮ ಮನೆತನದ ಔದಾರ್ಯ ಕೂತಿತ್ತು.

ಹತ್ತೂವರೆಗೆ ತಾತ ಒಗೆದ ಬಿಳಿ ಪಂಚೆಯಲ್ಲಿ ಹಿಂದೆ ಕೂತರು, ಪರೀಕ್ಷೆಗೆ ಹೊರಟೆವು. ಮೊದಲನೇ ಹಂಪಿನಲ್ಲಿ ಧಡ್ ಎನ್ನಲಿಲ್ಲ. "ನಿಂತೋಯ್ತು ಕಣೋ!" ಎಂದು ತಾತ ಬೆನ್ನು ತಟ್ಟಿದರು. ಎರಡನೇ ಹಂಪಿನಲ್ಲೂ ಧಡ್ ಎನ್ನಲಿಲ್ಲ. ಮುಂಭಾಗ ಒಂದು ನೂಲಿನಷ್ಟೂ ಬಗ್ಗದೆ ತಾತ ಸೀಟಿನಿಂದ ಎದ್ದರು, ಅವರ ಒಂದು ಚಪ್ಪಲಿ ಅಲ್ಲೇ ಉಳಿಯಿತು. ಮೂರನೇ ಹಂಪಿನಲ್ಲಿ ಕೊಳವೆಯ ಬಾಯಿ ಕಟ್ಟಿದ್ದ ಸೀಲು ಸೋತು, ಎಣ್ಣೆ ಪಿಚಕ್ಕನೆ ಹಾರಿ ನನ್ನ ಪ್ಯಾಂಟನ್ನೂ ತಾತನ ಪಂಚೆಯ ಅಂಚನ್ನೂ ತಲುಪಿತು. ವಾಪಸ್ಸು ತಳ್ಳಿಕೊಂಡು ಬಂದೆವು. ದಾರಿಯುದ್ದಕ್ಕೂ ತಾತ ಪಂಚೆಯನ್ನೇ ನೋಡಿಕೊಂಡು ಬಂದರು.

ಮನೆಯಲ್ಲಿ ವರದರಾಜರು ಆಗಲೇ ಕಾಫಿ ಮುಗಿಸಿದ್ದರು. ಹ್ಯಾಂಡಲ್ ಹಿಡಿದು ತಮ್ಮ ಪೂರ್ತಿ ಭಾರ ಬಿಟ್ಟು ಒತ್ತಿದರು. ಹಾರಿದ್ದು ಒಂದಿಷ್ಟೇ, ಉಳಿದ ಕೊಸರು ಒಳಗೇ ಇದ್ದುದರಿಂದ ಗಾಡಿ ಕಲ್ಲಿನಂತೆ ನಿಂತಿತು. "ಸಾಹುಕಾರ್ರೇ, ಎಂಥಾ ಗಟ್ಟಿ! ಹೊಸಾದ್ರಂಗಿದೆ. ಇವತ್ತೇ ತಗೊಂಡೋಗ್ತೀನಿ" ಎಂದರು. ಧಡ್ ಎನ್ನುವುದು ನಿಂತಿತ್ತು, ಆದರೆ ಗಾಡಿ ಸರಿಯಾಗಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅವರು ಅದರಲ್ಲೇ ಓಕಳಿಪುರಂವರೆಗೆ ಹೋಗಿ, ಎಣ್ಣೆ ಬ್ರೇಕಿಗೆ ಇಳಿದು ಎಲ್ಲಾದರೂ ಬೀಳುತ್ತಿದ್ದರು. ಬಾಯಿ ಬಿಟ್ಟರೆ ಯಾರು ಹುಯ್ದದ್ದು ಎಂಬ ಪ್ರಶ್ನೆ ಬರುತ್ತಿತ್ತು, ತಾತ ಇನ್ನೂ ಪಂಚೆಯ ಅಂಚನ್ನೇ ನೋಡುತ್ತಿದ್ದರು.

"ಬೇಡಿ ಅಂಕಲ್, ಸೀಲ್ ಹೋಗಿದೆ. ನಾನೇ ಎಣ್ಣೆ ಜಾಸ್ತಿ ಅಳೆದ್ಬಿಟ್ಟೆ" ಎಂದೆ.

ವರದರಾಜರು ತಾತನ ಕಡೆ ತಿರುಗಿ, "ಅಳತೆ ಗೊತ್ತಿಲ್ದಿರೋ ಹುಡುಗ್ನ ಕೈಲಿ ಗಾಡಿ ಇಡ್ತೀರಾ ಸಾಹುಕಾರ್ರೇ?" ಎಂದು ನಕ್ಕರು. ತಾತ ಮಿಳ್ಳೆಯನ್ನು ಕಿಟಕಿಯ ಮೇಲಿಂದ ತೆಗೆದು ಅಜ್ಜಿಯ ಕೈಗೆ ಕೊಟ್ಟರು. "ಅಂಗ್ಡೀಲಿ ಕಮ್ಮಿ ಅಳೆದೋರ್ನ ಎಷ್ಟೋ ಜನಾನ ಮನೇಗ್ ಕಳ್ಸಿದೀನಿ ವರದರಾಜ. ಜಾಸ್ತಿ ಅಳೆದೋನ್ನ ಯಾವತ್ತೂ ಕಳ್ಸಿಲ್ಲ. ಗಾಡಿ ಇವಂದು" ಎಂದು ಆರ್‌ಸಿ ತರಲು ಒಳಗೆ ಹೋದರು.

ಆದ್ದರಿಂದ, ಮಾನ್ಯರೇ, ತಮ್ಮನ್ನು ಮನಸ್ಸು ಬಿಚ್ಚಿ ಬೈಯುವ ಹಕ್ಕನ್ನೂ ಕಳೆದುಕೊಂಡು ಈ ದೂರು ಸಲ್ಲಿಸುತ್ತಿದ್ದೇನೆ. ತಮ್ಮ ಥ್ರೆಡ್ ಸರಿಯಾಗಿದ್ದಿದ್ದರೆ ನಾನು ಬರೀ ಮೆಕ್ಯಾನಿಕ್ ಆಗಿ ಗೆಲ್ಲುತ್ತಿದ್ದೆ. ಅದು ಅಪೂರ್ಣವಾಗಿದ್ದರಿಂದ ತಾತನ ಮೊಮ್ಮಗನಾಗಿ ಗೆದ್ದೆ. ಈ ಉಪಕಾರಕ್ಕೆ ಪ್ರತಿಯಾಗಿ ಒಂದೆರಡು ಸಣ್ಣ ಕೋರಿಕೆಗಳನ್ನು ನಡೆಸಿಕೊಡಬೇಕು. ಕೊಸರಿನ ವಿಷಯದಲ್ಲಿ ತಮ್ಮ ನಿಲುವೇನೆಂದು ಥ್ರೆಡ್ಡಿನ ತಲೆಯಲ್ಲೇ ಪಿನ್ ಮಾಡಬೇಕು. ಅದು ಆಗದಿದ್ದರೆ, ಅಕ್ಕಿಪೇಟೆಯ ಸುತ್ತಮುತ್ತ ಮಾರುವ ಗಾಡಿಗಳ ಫೋರ್ಕಿನಲ್ಲಿ ಎರಡು ಮಿಳ್ಳೆಯಷ್ಟು ಜಾಗ ಹೆಚ್ಚಿಗೆ ಬಿಡುವಂತೆ ಸಮಸ್ತ ಕಂಪನಿಗಳನ್ನು ಒಪ್ಪಿಸಬೇಕು. ಹಾಗೂ ಸೀಲು ಬದಲಿಸುವ ಬಗೆಯನ್ನು ಬೆರಳಿನಲ್ಲಲ್ಲದೆ ಬಾಯಲ್ಲಿ ತಿಳಿಸಬೇಕು. ಪುಟ್ಟಯ್ಯನವರು ಇನ್ನೂ ಫೋನು ಎತ್ತುತ್ತಿಲ್ಲ.

ಇಷ್ಟಾದರೂ ಗುಂಪು ಬಿಡದೆ, ಮ್ಯೂಟ್ ಕೂಡ ಮಾಡದೆ ಕಾದಿರುವ
ತಮ್ಮ ವಿಶ್ವಾಸಿ,
ಕೇದಾರ್
(ಇಂದು ಮಧ್ಯಾಹ್ನದಿಂದ ಗಾಡಿಯ ಮಾಲೀಕ)

ಮರೆತಿದ್ದು: ತಾತ ಅಕ್ಷರ ದೊಡ್ಡದು ಮಾಡಿಸಿಕೊಂಡು ತಮ್ಮ ಥ್ರೆಡ್ ಪೂರ್ತಿ ಓದಿದರು. ಎಂಬತ್ತೊಂಬತ್ತನೇ ಮೆಸೇಜಿನಲ್ಲಿ ನೂರಎಪ್ಪತ್ತೈದು ಎಂದ ತಾವು ಮುನ್ನೂರ ಆರನೆಯದರಲ್ಲಿ ಅದೇ ಗಾಡಿಗೆ ನೂರಅರವತ್ತೈದು ಎಂದಿದ್ದೀರಂತೆ. ಆ ಹತ್ತು ಎಮ್ಮೆಲ್ ಯಾರ ಪಾಲಿನದು ಎಂದು ತಮ್ಮನ್ನೇ ಕೇಳಲು ಗುಂಪಿಗೆ ಸೇರುವ ಕೋರಿಕೆ ಕಳಿಸಿದ್ದಾರೆ, ದಯವಿಟ್ಟು ಒಪ್ಪಿಕೊಳ್ಳಿ. ಟೈಪಿಂಗ್ ಬರುವುದಿಲ್ಲ, ವಾಯ್ಸ್ ನೋಟ್ ಕಳಿಸುತ್ತಾರೆ. ಮೊದಲನೆಯದನ್ನು ನನ್ನ ಫೋನಿನಲ್ಲಿ ಅಭ್ಯಾಸ ಮಾಡಿದರು, ಹದಿನೇಳು ನಿಮಿಷ ಬಂತು, ಇನ್ನೂ ಪೀಠಿಕೆಯಲ್ಲಿದ್ದರು.