ಶನಿಗ್ರಹಕ್ಕೆ ಹೊರಟ ಎರಡು ಇಂಜಿನ್ನು

ಎಂಬತ್ತರ ದಶಕದ ಆರಂಭದಲ್ಲಿ ನಾನು ಹೊಸೂರಿನ ಒಂದು ಕಾರ್ಖಾನೆಯಲ್ಲಿ ಟ್ರೈನಿ. ಆಯುಧಪೂಜೆಗೆ ಏನಾದರೂ ಮನರಂಜನೆ ಬೇಕೆಂದಾಗ, ಹೊಸದೊಂದು ಆಟ ಕಂಡುಹಿಡಿಯುವ ಭಾರವನ್ನು ನಾನೇ ಹೊತ್ತುಕೊಂಡೆ. ಬೇಡ ಅನ್ನುವವರು ಯಾರೂ ಇರಲಿಲ್ಲ.

ಡ್ರಾಯಿಂಗ್ ಶೀಟಿನ ಮೇಲೆ ನೂರು ಮನೆ ಬರೆದೆ. ಹೊಸೂರಿನ ಪಕ್ಕದ ಮತ್ತಿಗಿರಿಯಿಂದ ಹೊರಟ ಆಕಾಶಹಡಗು ಶನಿಗ್ರಹ ಮುಟ್ಟಬೇಕು. ಹಳೇ ಇಂಜಿನ್ ಹಾಕಿಕೊಂಡ ಹಡಗು ದಾಳ ಬಿದ್ದಷ್ಟೇ ಮನೆ ನಡೆಯುತ್ತದೆ. ಹೊಸ ಇಂಜಿನ್ನಿನದು ಅದರ ಎರಡರಷ್ಟು.

ಹೆಂಡತಿ ರತ್ನ ಹುರುಳಿ ಆರಿಸುತ್ತಾ ಕೇಳಿದಳು, "ಹಂಗಾದ್ರೆ ಹಳೇ ಇಂಜಿನ್‌ನೋರು ಗೆಲ್ಲೋದ್ ಯಾವಾಗ?"

"ಅದು ವಿಜ್ಞಾನ ಕಣೆ. ನಿಂಗೆ ತಿಳಿಯಾಕಿಲ್ಲ," ಅಂದೆ.

ಮಾರನೇ ದಿನ ಊಟದ ಬಿಡುವಿನಲ್ಲಿ ಫೋರ್‌ಮನ್ ಮುನಿಯಪ್ಪನವರ ಜೊತೆ ಆಡಿ ನೋಡಿದೆ. ಕಾರ್ಖಾನೆ ತೆರೆದ ದಿನದಿಂದ ಒಂದೇ ಲೇತ್ ಮೆಷಿನ್ ಓಡಿಸಿದವರು ಅವರು. ಅದನ್ನು ಮೂಲೆಗೆ ತಳ್ಳಿ ಮ್ಯಾನೇಜರು ಹೊಸದೊಂದನ್ನು ತರಿಸಿ ಎರಡು ತಿಂಗಳಾಗಿತ್ತು. ಮುನಿಯಪ್ಪನವರು ಹಳೇ ಇಂಜಿನ್ನನ್ನೇ ಆರಿಸಿಕೊಂಡರು. ನಾನು ಮೂರು ಸಲ ಸೋಲಿಸಿದೆ. ಮೂರನೇ ಸಲ ಚಪ್ಪಾಳೆಯನ್ನೂ ತಟ್ಟಿದೆ.

"ಹಳೇದು ಅಂದ್ರೆ ಕಸ ಏನ್ಲಾ?" ಅಂದರು ಅವರು, ಬಹಳ ಮೆಲ್ಲಗೆ.

ನನ್ನನ್ನು ಪರ್ಮನೆಂಟ್ ಮಾಡಲು ವರದಿ ಬರೆಯಬೇಕಾದವರು ಅವರೇ ಎಂಬುದು ಆಗ ನೆನಪಾಯಿತು.

ಅವತ್ತೇ ನಿಯಮ ತಿದ್ದಿದೆ. ಹೊಸ ಇಂಜಿನ್ನಿಗೆ ಒಂದು, ಮೂರು ಅಥವಾ ಆರು ಬಿದ್ದರೆ ಅದು ಕೆಡುತ್ತದೆ, ಹಡಗು ಮತ್ತಿಗಿರಿಗೆ ವಾಪಸ್. ಹಳೇದು ಕೆಡುವುದೇ ಇಲ್ಲ.

"ಈಗ ಹೊಸದು ಊರೇ ಬಿಡಾಕಿಲ್ವಲ್ಲ," ಅಂದಳು ರತ್ನ.

"ಬಿಡ್ದಿದ್ರೆ ಬಿಡ್ಲಿ. ನಮ್ಗೆ ಫೋರ್‌ಮನ್ ಗೆದ್ರೆ ಸಾಕು."

ಪೂಜೆಯ ದಿನ ಫೋರ್‌ಮನ್ ಎದುರು ಆಡಲು ಮ್ಯಾನೇಜರೇ ಬಂದು ಕೂತರು. ಹೊಸ ಇಂಜಿನ್ ತಗೊಂಡರು. ಒಂದು ಬಿತ್ತು, ವಾಪಸ್. ಆರು ಬಿತ್ತು, ವಾಪಸ್. ಅವರು ತರಿಸಿದ ಹೊಸ ಲೇತ್ ಎರಡು ವಾರದಿಂದ ಕೆಟ್ಟು ಅಲ್ಲೇ ಹಿಂದೆ ನಿಂತಿತ್ತು, ಅದಕ್ಕೂ ಕುಂಕುಮ ಇಟ್ಟಿದ್ದರು. ಜನ ನಕ್ಕರು. ಮ್ಯಾನೇಜರು ಮುಗುಳ್ನಕ್ಕು, ಆಟ ಅರ್ಧಕ್ಕೇ ಬಿಟ್ಟು ಎದ್ದುಹೋದರು. ಗೆಲುವು ಮುನಿಯಪ್ಪನವರದಾಯಿತು.

ಆ ಮುಗುಳ್ನಗೆ ಸಿಟ್ಟಿನದೇ ಅಂತ ನನಗೆ ಖಾತ್ರಿಯಾಯಿತು. ರಜೆಯ ಎರಡು ದಿನವೂ ಅನ್ನ ಸೇರಲಿಲ್ಲ. ರತ್ನ ಜೀರಿಗೆ ಕಷಾಯ ಕೊಟ್ಟಳು, ಅದೂ ನಿಲ್ಲಲಿಲ್ಲ. ಕೊನೆಗೆ ಎರಡು ಪುಟದ ಕ್ಷಮಾಪಣೆ ಬರೆದೆ: ತಮ್ಮ ಹೊಸ ಲೇತನ್ನು ಹೀಯಾಳಿಸುವ ಉದ್ದೇಶ ನನಗಿರಲಿಲ್ಲ, ಫೋರ್‌ಮನ್ನರು ಗೆದ್ದು ಸಂತೋಷಪಡಲಿ ಎಂದಷ್ಟೇ ನಿಯಮ ಬದಲಿಸಿದೆ.

ಮ್ಯಾನೇಜರು ಓದಿ ಮುಗಿಸಿ ತಲೆಯೆತ್ತಿದರು. "ನೀ ಯಾರಪ್ಪಾ?"

ಹೆಸರು ಹೇಳಿದೆ.

"ಅವತ್ತು ನನಗೆ ಫೋನ್ ಬಂತು, ಎದ್ದು ಹೋದೆ," ಎಂದರು ತಮ್ಮ ತಮಿಳು ಬೆರೆತ ಕನ್ನಡದಲ್ಲಿ. "ಆ ಆಟದಲ್ಲಿ ನಮ್ಮ ಮೆಷಿನ್ ಇತ್ತಾ? ಗೊತ್ತೇ ಆಗಲಿಲ್ಲ."

ಆಮೇಲೆ ಮುನಿಯಪ್ಪನವರನ್ನು ಕರೆಸಿ ಕಾಗದವನ್ನು ಅವರ ಕೈಗೂ ಕೊಟ್ಟರು. ತಾವು ಗೆದ್ದದ್ದು ಹೇಗೆ ಎಂದು ಅವರು ಎರಡು ಸಲ ಓದಿದರು.

ಅವರು ಬರೆದ ವರದಿಯಂತೆ ನನ್ನ ಟ್ರೈನಿಂಗು ಇನ್ನೂ ಆರು ತಿಂಗಳು ಮುಂದುವರಿಯಿತು.

"ಆ ಕಾಗ್ದ ಯಾಕ್ ಬರ್ಯಾಕ್ ಹೋದ್ರಿ?" ಅಂದಳು ರತ್ನ.

"ಭಯ ಆಯ್ತು ಕಣೆ."

"ಈಗ?"

"ಈಗ್ಲೂ ಭಯಾನೇ. ಆದ್ರೆ ಈಗ ಅದಕ್ಕೊಂದು ಕಾರಣ ಐತೆ."